ಮಾವನ ಮೀಸೆಯ ದೃಷ್ಟಿ ಬೊಂಬೆ

ಆ ದೃಷ್ಟಿ ಬೊಂಬೆಗೆ ನಾನು ತೆಗೆದುಕೊಂಡದ್ದು ಎಂಟುನೂರು ರೂಪಾಯಿ. ಹೊಸ ಮನೆ ಕಟ್ಟುವಾಗ ಕಂಡವರ ಕಣ್ಣು ಬೀಳದಿರಲಿ ಎಂದು ಎತ್ತರದಲ್ಲಿ ಕಟ್ಟುತ್ತಾರಲ್ಲ, ನಾಲಿಗೆ ಚಾಚಿದ ರಾಕ್ಷಸನ ಮುಖ, ಅದು. ಎಂಟುನೂರು ಜಾಸ್ತಿಯಾಯಿತು ಎನ್ನುವವರು ಸ್ವಲ್ಪ ಕೇಳಿ. ಗುಂಡ್ಲುಪೇಟೆಯ ಅಂಗಡಿಗಳಲ್ಲಿ ತೂಗುಹಾಕಿರುವ ಪ್ಲಾಸ್ಟಿಕ್ ಮುಖ ಅಗ್ಗ, ನಿಜ. ಆದರೆ ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಅದರ ಕೆಂಪೆಲ್ಲ ಇಳಿದು, ರಾಕ್ಷಸ ಜ್ವರದಲ್ಲಿ ಮಲಗಿ ಎದ್ದವನ ಹಾಗೆ ಕಾಣುತ್ತಾನೆ. ಅಂಥವನನ್ನು ನೋಡಿ ಯಾರ ಕೆಟ್ಟ ಕಣ್ಣು ಹೆದರುತ್ತದೆ? ಪಾಪ ಅನ್ನಿಸುತ್ತದೆ ಅಷ್ಟೆ. ನನ್ನದು ತಗಡಿನ ಮೇಲೆ ಬರೆದದ್ದು. ಮೊದಲು ಪ್ರೈಮರ್, ಅದು ಒಣಗಿದ ಮೇಲೆ ಎನಾಮಲ್, ಅದೂ ಎರಡು ಸಲ. ಮಳೆ ಬಂದರೆ ತೊಳೆದುಕೊಂಡು ಇನ್ನಷ್ಟು ಉಗ್ರವಾಗುತ್ತದೆ.

ಮಾಡಿಸಿದವರು ಗುಂಡ್ಲುಪೇಟೆ ಹತ್ತಿರದ ಹಂಗಳದವರು. ಚೆಂಡುಹೂ ಬೆಳೆಯುತ್ತಾರೆ, ಹೂವಿನ ವ್ಯಾಪಾರವನ್ನೂ ಮಾಡುತ್ತಾರೆ. ಹೂವಿನವರು ಎಂದೇ ಕರೆಯುತ್ತೇನೆ. ಮನೆ ಶುರುಮಾಡಿದಾಗ ಕಟ್ಟಿದ್ದ ಪ್ಲಾಸ್ಟಿಕ್ ಮುಖ ಬೆಳ್ಳಗಾಗಿ ಹೋಗಿತ್ತು. ಗೃಹಪ್ರವೇಶಕ್ಕೆ ಮೊದಲು ಗಟ್ಟಿಯಾದದ್ದೊಂದು ಬೇಕು ಎಂದು ನನ್ನ ಮನೆಗೆ ಬಂದು, ಚೆಂಡುಹೂ ಚೌಕಾಸಿ ಮಾಡುವ ಹಾಗೆಯೇ ಶುರುಮಾಡಿದರು.

“ಮುನ್ನೂರ್ಗೆ ಮಾಡ್ಕೊಡಿ ಟೀಚರಮ್ಮ. ಮಕ ತಾನೇ, ಮೈಕೈ ಇಲ್ವಲ್ಲ.”

“ಮುನ್ನೂರಕ್ಕೆ ಆಗುತ್ತೆ. ಹಲ್ಲಿರಲ್ಲ.”

“ಅಲ್ಲಿಲ್ದೆ ಇದ್ರೆ ಎಂಗೆ? ನಮ್ಮಜ್ಜಿ ಆಯ್ತದೆ ಅದು.”

“ಹಲ್ಲು ಹಾಕಿದರೆ ಐನೂರು. ಕೋಡಿಲ್ಲ.”

“ಕೋಡೂ ಬೇಕು. ಕೋಡಿಲ್ದೆ ಇದ್ರೆ ಸಾಲ ವಸೂಲಿಗ್ ಬರೋರಂಗೆ ಕಾಣ್ತದೆ.”

ಹೀಗೆ ಹಲ್ಲು, ಕೋಡು, ನಾಲಿಗೆ ಎಂದು ಒಂದೊಂದನ್ನೇ ಸೇರಿಸಿ ಎಂಟುನೂರಕ್ಕೆ ತಂದು ನಿಲ್ಲಿಸಿದೆ. ಕೊನೆಗೆ ಅವರು, “ಆಯ್ತು ಬುಡಿ, ಎಂಟ್ನೂರೇ ಇರ್ಲಿ, ಮೀಸೆ ಮಾತ್ರ ಪುಕ್ಸಟ್ಟೆ ಕೊಟ್ಬುಡಿ” ಎಂದರು. ಗಿರಾಕಿಗೆ ಕೊನೆಯಲ್ಲಿ ಗೆದ್ದೆ ಅನ್ನಿಸಬೇಕು, ಅದು ವ್ಯಾಪಾರದ ಮರ್ಯಾದೆ. ಒಪ್ಪಿಕೊಂಡೆ. ತಾಪತ್ರಯವೆಲ್ಲ ಹುಟ್ಟಿದ್ದು ಆ ಪುಕ್ಕಟೆ ಮೀಸೆಯಿಂದ.

ಆ ದಿನಗಳಲ್ಲಿ ನನಗೆ ಕೂತು ಕಾಫಿ ಕುಡಿಯುವುದಕ್ಕೂ ಪುರುಸೊತ್ತಿರಲಿಲ್ಲ. ಬೆಳಿಗ್ಗೆ ಗುಂಡ್ಲುಪೇಟೆಯ ಒಂದು ಶಾಲೆಯಲ್ಲಿ ಡ್ರಾಯಿಂಗ್ ಪಾಠ. ಮಧ್ಯಾಹ್ನ ಸ್ಕೂಟರಿನಲ್ಲಿ ಬಂಡೀಪುರದ ರಸ್ತೆಗೆ ಹೋಗಿ ರೆಸಾರ್ಟಿನ ಗೋಡೆಗೆ ಆನೆ. ಮದುವೆ ಕಾಲವಾದರೆ ಸುಸ್ವಾಗತದ ಬೋರ್ಡು, ಉಳಿದ ಕಾಲದಲ್ಲಿ ಗಾಡಿಗಳ ನಂಬರ್ ಪ್ಲೇಟು. ಫ್ಲೆಕ್ಸ್ ಬಂದ ಮೇಲೆ ಬೋರ್ಡು ಬರೆಯುವವರ ಹೊಟ್ಟೆಗೆ ಕಲ್ಲು ಬಿತ್ತು ಎಂದು ನಮ್ಮವರೆಲ್ಲ ಅಳುತ್ತಿದ್ದರು. ನಾನು ಅಳುವುದನ್ನು ಬಿಟ್ಟು, ಫ್ಲೆಕ್ಸಿನವನು ಯಾವುದನ್ನು ಮಾಡಲಾರ ಎಂದು ನೋಡಿಕೊಂಡೆ. ಗೋಡೆ ಅವನ ಮಿಷಿನ್ನಿನೊಳಗೆ ಹೋಗುವುದಿಲ್ಲ. ತಗಡಿನ ರಾಕ್ಷಸನೂ ಹೋಗುವುದಿಲ್ಲ. ಶನಿವಾರ ಶಾಲೆ ಬಿಟ್ಟ ಮೇಲೆ ತೆರಕಣಾಂಬಿಯ ಮೇಲೆ ಚಾಮರಾಜನಗರಕ್ಕೆ ಹೋದರೆ, ಅಲ್ಲಿ ಹಿಟ್ಟಿನ ಗಿರಣಿಯ ಮೇಲಿನ ಮಹಡಿಯಲ್ಲಿ ಮಕ್ಕಳಿಗೆ ಚಿತ್ರಕಲೆಯ ಕ್ಲಾಸು. ಕೆಳಗೆ ರಾಗಿ ಬೀಸುವಾಗ ಮೇಲೆ ನೆಲ ನಡುಗುತ್ತದೆ. ಅಲ್ಲಿ ಕಲಿತ ಮಕ್ಕಳು ಗೆರೆಯನ್ನು ನೆಟ್ಟಗೆ ಎಳೆಯಲಾರರು, ಆದರೆ ಸಮುದ್ರವನ್ನು ಬಹಳ ಚೆನ್ನಾಗಿ ಬರೆಯುತ್ತಾರೆ. ಗಿರಣಿ ನಡುಗುತ್ತದೆ ಎಂದು ಹೇಳಿಯೇ ಬಾಡಿಗೆ ಇಳಿಸಿಕೊಂಡಿದ್ದೇನೆ.

ಆ ಮಹಡಿಗೆ ಒಂದು ಶನಿವಾರ ಚಂದಕವಾಡಿ ಕಡೆಯ ಯಜಮಾನರೊಬ್ಬರು ಹತ್ತಿ ಬಂದರು. ಬಿಳಿ ಪಂಚೆ, ಬಿಳಿ ಶರ್ಟು, ಹಣೆಯ ತುಂಬ ವಿಭೂತಿ, ಕಂಕುಳಲ್ಲಿ ಕೊಡೆ, ಮೂಗಿನ ಕೆಳಗೆ ಒಂದು ಮೀಸೆ. ಒಂದು ಎಂದದ್ದು ಬಾಯಿಮಾತಿಗೆ. ಅದನ್ನು ಹಂಚಿದ್ದರೆ ಮೂರು ಜನ ಮೀಸೆ ತಿರುವಿಕೊಂಡು ಓಡಾಡಬಹುದಿತ್ತು.

“ಪಟ ಬರ್ಯೋ ಟೀಚರಮ್ಮ ನೀವೇನಾ? ನನ್ ಪಟ ಬರ್ದ್ಕೊಡ್ಬೇಕು ಕಣವ್ವ. ನಾ ಓದ್ ಮ್ಯಾಲೆ ನನ್ ಮಕ್ಳು ಆಧಾರ್ ಕಾರ್ಡಲ್ಲಿರೋ ಫೋಟೋನೇ ದೊಡ್ಡದು ಮಾಡ್ಸಿ ಗೋಡೆಗ್ ಆಕ್ಬುಡ್ತವೆ. ಅದ್ರಲ್ಲಿ ನಾನು ತೆಂಗಿನ್ಕಾಯಿ ಕದ್ದು ಸಿಕ್ಕಾಕೊಂಡವ್ನಂಗೆ ಇವ್ನಿ.”

ಈ ಮುಂದಾಲೋಚನೆ ನನಗೆ ತುಂಬ ಹಿಡಿಸಿತು. ರೇಟು ಹೇಳಿದೆ. ಅವರು ರೇಟಿನ ಬಗ್ಗೆ ತಕರಾರು ತೆಗೆಯಲಿಲ್ಲ. ಬೇರೆಯದನ್ನೇ ತೆಗೆದರು.

“ನೀವು ಎಂಗ್ಸು. ಮೀಸೆ ವಿಚಾರ ನಿಮ್ಗೆ ಯಾನ ಗೊತ್ತು?”

“ಯಜಮಾನ್ರೆ, ರೆಸಾರ್ಟ್ ಗೋಡೆ ತುಂಬ ಆನೆ ಬರ್ದಿವ್ನಿ. ನಂಗೇನ್ ಸೊಂಡ್ಲದಾ?”

ಮೀಸೆ ಅಲುಗಾಡುವ ಹಾಗೆ ನಕ್ಕು ಒಪ್ಪಿಕೊಂಡರು. ಆಮೇಲೆ ಶುರುವಾಯಿತು. ಪ್ರತಿ ಶನಿವಾರ ಬರುವುದು, ಮಕ್ಕಳ ನಡುವೆ ಚಾಪೆಯ ಮೇಲೆ ಕೂರುವುದು, ಜೇಬಿನಿಂದ ಪುಟ್ಟ ಬಾಚಣಿಗೆ ತೆಗೆದು ಮೀಸೆ ಬಾಚಿ, “ಈಗ್ ನೋಡ್ಕಂಡ್ ಬರೀರಿ” ಎನ್ನುವುದು. ಕಣ್ಣು ಸರಿಯಿದೆಯೇ, ಕಿವಿ ಎರಡಿವೆಯೇ, ಯಾವುದೂ ಅವರಿಗೆ ಬೇಕಿರಲಿಲ್ಲ. “ಎಡ್ಗಡೆ ವಸಿ ಬಡವಾಯ್ತು.” “ತುದಿ ಇನ್ನೂ ಮ್ಯಾಕ್ಕೆ ಓಗ್ಲಿ.” “ಈಗ ಬೆಕ್ಕಿನ್ ಬಾಲ ಆಗೋಯ್ತು ಕಣವ್ವ, ವಸಿ ಇಳ್ಸಿ.” ಒರೆಸುವುದು, ಬರೆಯುವುದು, ಒರೆಸುವುದು, ಬರೆಯುವುದು. ಹೆಂಗಸಿಗೆ ಮೀಸೆ ಬಾರದು ಎಂದವರ ಮುಂದೆ ಸೋಲುವ ಜಾತಿಯವಳಲ್ಲ ನಾನು. ಮನೆಗೆ ಹೋಗಿ ರಟ್ಟಿನ ಮೇಲೆ, ಹಳೇ ಪೇಪರಿನ ಮೇಲೆ, ದೋಸೆ ಹಿಟ್ಟು ಚೆಲ್ಲಿದ ಕಟ್ಟೆಯ ಮೇಲೂ ಬೆರಳಿನಿಂದ ಆ ಮೀಸೆಯನ್ನೇ ತೀಡಿ ಅಭ್ಯಾಸ ಮಾಡಿದೆ.

ಬ್ರಷ್ ಹಿಡಿಯುವವರಿಗೆಲ್ಲ ಈ ಕಾಯಿಲೆ ಗೊತ್ತಿರುತ್ತದೆ. ಒಂದೇ ಮುಖವನ್ನು ಬಹಳ ದಿನ ಬರೆದರೆ ಅದು ಕೈಗೆ ಅಂಟಿಕೊಳ್ಳುತ್ತದೆ. ಆಮೇಲೆ ತಲೆ ಏನನ್ನೇ ಹೇಳಲಿ, ಕೈ ತನ್ನ ಪಾಡಿಗೆ ಅದನ್ನೇ ಬರೆಯುತ್ತದೆ. ಗುಂಡ್ಲುಪೇಟೆಯ ಬ್ಯೂಟಿಪಾರ್ಲರ್ ಒಂದರ ಬೋರ್ಡಿಗೆ ಸುಂದರಿಯನ್ನು ಬರೆದೆ. ಪಾರ್ಲರಿನಾಕೆ ದೂರ ನಿಂತು ನೋಡಿ, “ಮೇಡಂ, ಈವಮ್ಮ ಯಾಕೆ ಬಡ್ಡಿ ಕೇಳೋಕ್ ಬಂದವ್ರಂಗೆ ಗುರಾಯಿಸ್ತಾವ್ರೆ?” ಎಂದಳು. ಹುಬ್ಬು ಯಜಮಾನರದು. ಶಾಲೆಯಲ್ಲಿ ‘ನನ್ನ ಕುಟುಂಬ’ ಎಂಬ ಪಾಠಕ್ಕೆ ಬೋರ್ಡಿನ ಮೇಲೆ ಒಬ್ಬ ಅಜ್ಜಿಯನ್ನು ಬರೆದೆ. ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತು, “ಮಿಸ್, ಅಜ್ಜಿಗ್ಯಾಕೆ ಮೀಸೆ?” ಎಂದಳು. ಟೀಚರಾದವಳು ತಬ್ಬಿಬ್ಬಾಗಬಾರದು. “ಅದು ಮೂಗಿನ ನೆರಳು ಕಣಮ್ಮಿ” ಎಂದೆ. ಇಡೀ ತರಗತಿ ತಮ್ಮ ತಮ್ಮ ಅಜ್ಜಿಯರಿಗೆ ದಪ್ಪನಾದ ನೆರಳನ್ನು ಬರೆದುಕೊಂಡು ಮನೆಗೆ ಹೋಯಿತು. ಮಾರನೆಯ ದಿನ ಒಬ್ಬ ಅಜ್ಜಿ ಸ್ವತಃ ಶಾಲೆಗೆ ಬಂದಿದ್ದರು. ಆ ಮಾತು ಇಲ್ಲಿ ಬೇಡ.

ಹೂವಿನವರ ಬೊಂಬೆಯನ್ನು ಬರೆದದ್ದು ಇದೇ ದಿನಗಳಲ್ಲಿ. ತಲೆಯಲ್ಲಿ ರೆಸಾರ್ಟಿನ ಆನೆಯ ದಂತದ ಲೆಕ್ಕ ಹಾಕುತ್ತ, ಕೈಯನ್ನು ಅದರ ಪಾಡಿಗೆ ಬಿಟ್ಟು ಬರೆದುಬಿಟ್ಟೆ. ಮುಗಿದ ಮೇಲೆ ನೋಡಿದರೆ ಜೀವಂತ ರಾಕ್ಷಸ. ಇಷ್ಟು ದಿನ ಬರೆದ ರಾಕ್ಷಸರೆಲ್ಲ ಇದರ ಮುಂದೆ ಎಲ್‌ಕೆಜಿ ಮಕ್ಕಳು. ಯಾಕೆ ಇಷ್ಟು ಚೆನ್ನಾಗಿ ಬಂತು ಎಂದು ಯೋಚಿಸಲಿಲ್ಲ. ಚೆನ್ನಾಗಿ ಬಂದಾಗ ಯಾರು ಯೋಚಿಸುತ್ತಾರೆ?

ಹಂಗಳಕ್ಕೆ ಒಯ್ದು, ನಾನೇ ಏಣಿ ಹತ್ತಿ, ಮಹಡಿಯ ಸಜ್ಜಾಕ್ಕೆ, ಹಳೇ ಪ್ಲಾಸ್ಟಿಕ್ ಮುಖವನ್ನು ಬಿಚ್ಚದೆ ಅದರ ಮೇಲೆಯೇ ಕಟ್ಟಿ ಬಂದೆ. ಆಗ ಚೆಂಡುಹೂವಿನ ಕಾಲ. ಹೊಲದಲ್ಲಿ ಫೋಟೋ ತೆಗೆಸಿಕೊಳ್ಳಲು ನಿಂತ ಕೇರಳದ ಕಾರಿನವರು ಹೂವಿಗೆ ಬೆನ್ನು ತಿರುಗಿಸಿ, ಬೊಂಬೆಯ ಕಡೆ ಮೊಬೈಲ್ ಎತ್ತಿ “ಅಡಿಪೊಳಿ!” ಎಂದು ತಮ್ಮ ಭಾಷೆಯಲ್ಲಿ ಹೊಗಳಿದರು. ಹೂವಿನವರು ಎದೆಯುಬ್ಬಿಸಿಕೊಂಡು ಮಿಕ್ಕ ದುಡ್ಡನ್ನು ಅಲ್ಲೇ ಎಣಿಸಿ ಕೊಟ್ಟರು.

ಗೃಹಪ್ರವೇಶ ಹತ್ತಿರ ಬಂದಿತ್ತು. ರೆಸಾರ್ಟಿನಲ್ಲಿ ಆನೆಯ ಕಿವಿಗೆ ಬಣ್ಣ ಹಚ್ಚುತ್ತಿದ್ದಾಗ ಫೋನು ಬಂತು. ಹೂವಿನವರದು.

“ಟೀಚರಮ್ಮ, ಏನ್ ಮಾಡ್ಬುಟ್ರಿ ನೀವು! ನಮ್ಮಾವ ಬಂದು ಬೊಂಬೆ ನೋಡ್ಬುಟ್ರು!”

“ನೋಡಲಿ ಬಿಡಿ, ನೋಡೋಕೆ ತಾನೇ ಕಟ್ಟಿರೋದು?”

“ಅಯ್ಯೋ, ಅದು ನಮ್ಮಾವನೇ ಕಣಿ! ಮೊದ್ಲು ಇಲ್ಲಿಗ್ ಬನ್ನಿ ನೀವು!”

ಆನೆಯನ್ನು ಒಂಟಿ ಕಿವಿಯಲ್ಲೇ ಬಿಟ್ಟು ಹೊರಟೆ. ಹಂಗಳದಲ್ಲಿ ಹೂವಿನವರ ಹೆಂಡತಿ ಹೊಸ ಮನೆಯ ಹೊಸಿಲ ಮೇಲೆ ಕೂತಿದ್ದಳು. ಅತ್ತು ಅತ್ತು ಮೂಗು ಕೆಂಪಾಗಿತ್ತು. ಮೊಬೈಲಿನಲ್ಲಿ ತನ್ನ ತಂದೆಯ ಫೋಟೋ ತೋರಿಸಿದಳು. ಪ್ರತಿ ಶನಿವಾರ ನನ್ನ ಚಾಪೆಯ ಮೇಲೆ ಕೂತು ಬಾಚಣಿಗೆ ತೆಗೆಯುವ ಯಜಮಾನರು! ತಲೆಯೆತ್ತಿ ಬೊಂಬೆ ನೋಡಿದೆ. ಅದೇ ಹುಬ್ಬು, ಅದೇ ಗುಡ್ಡೆಗಣ್ಣು, ಅದೇ ಮೀಸೆ, ತುದಿ ಸರಿಯಾಗಿ ಅವರು ಹೇಳಿದಷ್ಟೇ ಮೇಲಕ್ಕೆ. ಕೋಡು, ನಾಲಿಗೆ ಮಾತ್ರ ನನ್ನ ಸ್ವಂತದ್ದು.

ಆದದ್ದೇನೆಂದು ಹೂವಿನವರು ಹೇಳಿದರು. ಮಗಳ ಮನೆಯ ಕೆಲಸ ಎಲ್ಲಿಗೆ ಬಂತು ನೋಡೋಣವೆಂದು ಮಾವ ಬಸ್ಸಿಳಿದು ಬಂದು ಅಂಗಳದಲ್ಲಿ ನಿಂತರಂತೆ. ಮಹಡಿಯಲ್ಲಿ ಟೈಲ್ಸ್ ಹಾಕುತ್ತಿದ್ದವನು ಒಮ್ಮೆ ಬೊಂಬೆಯನ್ನು ನೋಡಿ, ಒಮ್ಮೆ ಕೆಳಗೆ ನೋಡಿ, “ಅಲ್ನೋಡ್ಲಾ, ಬೊಂಬೆ ಕೆಳೀಕ್ ಇಳ್ಕಂಡ್ ಬಂದದೆ!” ಎಂದು ಜೊತೆಯವನನ್ನು ಕೂಗಿದನಂತೆ. ಮಾವ ನಿಧಾನಕ್ಕೆ ತಲೆಯೆತ್ತಿ ನೋಡಿದರು. ಕಾಫಿ ಮುಟ್ಟಲಿಲ್ಲ. ಕೊಡೆ ಬಿಚ್ಚಿ ಮುಖಕ್ಕೆ ಅಡ್ಡ ಹಿಡಿದುಕೊಂಡು ವಾಪಸ್ ಬಸ್ಸು ಹತ್ತಿದರು. ಊರು ತಲುಪಿದ ಮೇಲೆ ಫೋನು ಮಾಡಿ, “ಗೃಹಪ್ರವೇಶ್ಕೆ ನನ್ನ ಕಾಯ್ಬ್ಯಾಡಿ. ಆಗ್ಲೇ ಅಲ್ಲಿ ನೇತಾಡ್ತಾವ್ನಿ” ಎಂದರಂತೆ.

“ನೀನೇ ಏಳ್ಬುಟ್ಟು ಬರ್ಸಿದ್ದೀಯ” ಎಂದು ಅವಳು ಗಂಡನ ಮೇಲೆ ಹರಿಹಾಯ್ದಳು. “ಮೆಟ್ಲು ಮನೆ ಒಳಗ್ ಬರ್ಲಿ ಅಂದ್ರು ಅಂತ ಅಪ್ಪಾಜಿ ಮೇಲೆ ಅಲ್ಲು ಕಡೀತಿದ್ದಲ್ಲ, ಅದ್ಕೆ!”

“ಲೇ, ಮೆಟ್ಲು ವಿಚಾರ ಮುಗ್ದು ವರ್ಷಾಯ್ತು ಕಣೆ! ನಿಮ್ಮಪ್ಪನ ಮೀಸೆ ನಾನ್ಯಾಕೆ ಬರ್ಸ್ಲಿ? ದುಡ್ ಕೊಟ್ಟು?”

“ಮೀಸೆಗೆ ದುಡ್ಡು ಕೊಟ್ಟಿಲ್ಲ ನೀವು” ಎಂದೆ. ಇಬ್ಬರೂ ನನ್ನ ಕಡೆ ತಿರುಗಿ ನೋಡಿದ ರೀತಿಗೆ ಅದನ್ನು ಹೇಳಬಾರದಿತ್ತು ಎಂದು ಗೊತ್ತಾಯಿತು.

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಕೈ ಹಿಡಿದಳು. “ಅಕ್ಕ, ನಮ್ ಕಡೆ ತವ್ರು ಮನೆ ಪಾತ್ರೇಲೇ ಆಲುಕ್ಕಿಸ್ಬೇಕು. ಅವ್ವ ಇದ್ದಿದ್ರೆ ಅವ್ಳೇ ತರ್ತಿದ್ಲು. ಈಗಿರೋದು ಅಪ್ಪಾಜಿ ಒಬ್ರೇ. ಅವ್ರೂ ಬರ್ದೆ ಓದ್ರೆ ಅಂಗ್ಡಿಯಿಂದ ತಂದ ಪಾತ್ರೇಲಿ ಆಲುಕ್ಕಿಸ್ಲಾ? ತವ್ರೇ ಇಲ್ದವ್ಳಂಗೆ?”

ತಪ್ಪಾಯಿತು ಎಂದು ನಾನು ಹೇಳಲಿಲ್ಲ. ಮೊದಲೇ ತಪ್ಪಾಯಿತು ಎಂದುಬಿಟ್ಟರೆ ಮಾತು ಅಲ್ಲಿಗೇ ನಿಂತು, ಕೆಲಸ ಮುಂದಕ್ಕೆ ಹೋಗುವುದಿಲ್ಲ. “ಏಣಿ ತರಿಸಿ” ಎಂದೆ.

ಬೊಂಬೆಯನ್ನು ಕೆಳಗಿಳಿಸುವಂತಿರಲಿಲ್ಲ. ಒಮ್ಮೆ ಕಟ್ಟಿದ ದೃಷ್ಟಿ ಬೊಂಬೆಯನ್ನು ಹಾಲುಕ್ಕುವ ಮೊದಲು ಬಿಚ್ಚಬಾರದು ಎಂದು ಅವರ ಮನೆಯಲ್ಲಿ ನಂಬಿಕೆ. ಹಾಗಾಗಿ ಏಣಿಯ ಮೇಲೆ ನಿಂತೇ, ಥಿನ್ನರ್ ಅದ್ದಿದ ಬಟ್ಟೆಯಿಂದ ಮೀಸೆಯನ್ನು ಒರೆಸಿ, ಜಾಗಕ್ಕೆ ಕೆಂಪು ಬಳಿದೆ. ಅಷ್ಟು ಒಳ್ಳೆಯ ಮೀಸೆ. ಇಳಿದು ಬಂದು, “ಈಗ ನೋಡಿ” ಎಂದೆ.

ಅವಳು ನೋಡಿದಳು. ಬಾಯಿಯ ಮೇಲೆ ಕೈಯಿಟ್ಟುಕೊಂಡಳು.

“ಅಯ್ಯಯ್ಯೋ, ಈಗ ಥೇಟ್ ನಮ್ ಸೋದರತ್ತೆ ಕಣಕ್ಕ!”

ಹೂವಿನವರು ತಡೆಯಲಾರದೆ ಕಿಸಕ್ಕನೆ ನಕ್ಕರು.

“ನಗು, ನಗು! ಅತ್ತೇನೂ ಬರ್ದೆ ಓಗ್ಲಿ, ನಿಂಗೆ ಅಬ್ಬ!”

ಯಜಮಾನರಿಗೆ ಒಬ್ಬ ತಂಗಿಯಿದ್ದಾರೆ ಎಂದೂ, ಮೀಸೆಯೊಂದನ್ನು ಬಿಟ್ಟರೆ ಅಣ್ಣತಂಗಿಯದು ಒಂದೇ ಅಚ್ಚು ಎಂದೂ ನನಗೆ ಹೇಗೆ ಗೊತ್ತಿರಬೇಕು? ಮತ್ತೆ ಹತ್ತಿ ಕಣ್ಣುಗಳನ್ನು ಚಿಕ್ಕದು ಮಾಡಿದೆ. ಟೈಲ್ಸಿನವನು ಕಿಟಕಿಯಿಂದ ಕತ್ತು ಚಾಚಿ, ಹೂವಿನವರ ಕಡೆ ಬೆರಳು ತೋರಿಸಿ, “ಈಗ ನಮ್ ಸಾವ್ಕಾರ್ರಂಗೆ ಆಯ್ತು” ಎಂದ. ಹೂವಿನವರ ನಗು ಅಲ್ಲಿಗೆ ನಿಂತಿತು. ಮತ್ತೆ ಹತ್ತಿ ಕಣ್ಣನ್ನು ದೊಡ್ಡದು ಮಾಡಿದೆ. ಸೋದರತ್ತೆ ವಾಪಸ್ ಬಂದರು. ಎನಾಮಲ್ ಹಸಿಯಾಗಿ ಜಾರತೊಡಗಿತ್ತು. ಇನ್ನೂ ಕೈಯಾಡಿಸಿದ್ದರೆ ಬಳಗದಲ್ಲಿ ಇನ್ನಾರಾರು ಹೊರಗೆ ಬರುತ್ತಿದ್ದರೋ. ಬ್ರಷ್ ತೊಳೆದೆ.

“ಬೊಂಬೆ ಇರಲಿ. ನಿಮ್ಮಪ್ಪಾಜಿಯನ್ನ ಕರೆತರೋ ಕೆಲಸ ನನ್ನದು” ಎಂದೆ. ಹೂವಿನವರು ನಾನೂ ಬರುತ್ತೇನೆ ಎಂದರು. “ನೀವು ಬಂದರೆ ಮೆಟ್ಟಿಲಿನ ಮಾತು ಬರುತ್ತೆ, ಇಲ್ಲೇ ಇರಿ” ಎಂದೆ.

ಮಾರನೆಯ ದಿನ ಶಾಲೆಗೆ ರಜೆ ಹಾಕಿ ಚಾಮರಾಜನಗರಕ್ಕೆ ಹೋದೆ. ಗಿರಣಿಯ ಮಹಡಿಯಲ್ಲಿದ್ದ ಯಜಮಾನರ ಪಟವನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿ, ಸ್ಕೂಟರಿನ ಹಿಂದೆ ನಿಲ್ಲಿಸಿ ಬಿಗಿದು, ಚಂದಕವಾಡಿ ರಸ್ತೆ ಹಿಡಿದೆ. ಕೋಪಗೊಂಡ ಗಿರಾಕಿಯ ಹತ್ತಿರ ಬರಿಗೈಯಲ್ಲಿ ಹೋಗಬಾರದು. ಅವನಿಗೆ ಬೇಕಾದದ್ದು ನಮ್ಮ ಕೈಯಲ್ಲಿರಬೇಕು.

ದಾರಿಯಲ್ಲಿ ಗಾಳಿಗೆ ಬೆಡ್‌ಶೀಟು ಬಿಚ್ಚಿಕೊಂಡು ಹೋದದ್ದು ನನಗೆ ಗೊತ್ತಾಗಲಿಲ್ಲ. ಅವರ ಊರಿನೊಳಗೆ ಹೋಗುವಾಗ ಅಂಗಡಿ ಮುಂದೆ ಕೂತಿದ್ದವರು ಧಡಕ್ಕನೆ ಎದ್ದು ನಿಂತು ಕೈಮುಗಿದರು. ಚಿತ್ರಕಲೆಗೆ ಇಷ್ಟು ಗೌರವ ಕೊಡುವ ಊರೂ ಇದೆಯಲ್ಲ ಎಂದು ನಾನೂ ತಲೆಬಾಗಿದೆ. ಒಬ್ಬ ಟವೆಲ್ಲನ್ನು ಹೆಗಲಿಂದ ಇಳಿಸಿದ. ಒಬ್ಬ ಸೈಕಲ್ಲಿನಲ್ಲಿ ಹಿಂದೆಯೇ ಬಂದು ಕೇಳಿದ: “ಯಾವಾಗ್ ಓದ್ರವ್ವ?”

“ಯಾರು?”

“ಯಜಮಾನ್ರು!”

ಹಿಂದೆ ತಿರುಗಿ ನೋಡಿದೆ. ಪಟ ಮುಖ ತೆರೆದುಕೊಂಡು ಊರನ್ನೆಲ್ಲ ನೋಡುತ್ತ ಬರುತ್ತಿತ್ತು. ಬದುಕಿರುವ ಮನುಷ್ಯನ ಪಟ ಆ ಅಳತೆಯಲ್ಲಿ ಯಾರು ಮಾಡಿಸುತ್ತಾರೆ? ಇಲ್ಲ, ಚೆನ್ನಾಗಿದ್ದಾರೆ ಎಂದು ನಾನು ಕೂಗುವಷ್ಟರಲ್ಲಿ ನನ್ನ ಹಿಂದೆ ಸಣ್ಣ ಮೆರವಣಿಗೆಯೇ ಸೇರಿತ್ತು.

ಯಜಮಾನರು ಜಗಲಿಯ ಮೇಲೆ ಗೋಡೆಗೊರಗಿ ಕೂತಿದ್ದರು. ಮುಂದೆ ಬರುತ್ತಿರುವ ತಮ್ಮ ಪಟವನ್ನೂ, ಹಿಂದೆ ಬರುತ್ತಿರುವ ಊರನ್ನೂ ನೋಡಿ ಎದ್ದು ನಿಂತರು.

“ಬದ್ಕಿವ್ನಿ ಕಣ್ರಲಾ! ಓಗ್ರಲಾ, ಓಗಿ ಕೆಲ್ಸ ನೋಡ್ಕಳಿ!”

ಜನ ಸ್ವಲ್ಪ ಬೇಜಾರಿನಿಂದಲೇ ಚದುರಿದರು. ಒಬ್ಬ ಮಾತ್ರ ಪಟಕ್ಕೆಂದು ಆಗಲೇ ಕಿತ್ತಿದ್ದ ಕಣಗಿಲೆ ಹೂವನ್ನು ಏನು ಮಾಡುವುದೆಂದು ತಿಳಿಯದೆ ಅವರ ಕೈಗೇ ಕೊಟ್ಟು ಹೋದ. ಯಜಮಾನರು ಹೂ ಹಿಡಿದುಕೊಂಡೇ ನನ್ನ ಕಡೆ ತಿರುಗಿದರು.

“ಬೊಂಬೆ ಬರ್ದೋರು ನೀವೇ ಅಂತೆ.”

“ನಾನೇ. ನಿಮ್ಮ ಅಳಿಯ ಹೇಳಿ ಬರೆಸಿದ್ದಲ್ಲ. ನೀವು ಅವರ ಮಾವ ಅಂತಲೂ ನನಗೆ ಗೊತ್ತಿರಲಿಲ್ಲ. ನಿಮ್ಮ ಮೀಸೆ ತೀಡಿ ತೀಡಿ ನನ್ನ ಕೈ ಹಾಳಾಗಿದೆ. ನೀವೇ ಹಾಳುಮಾಡಿದ್ದು. ಶಾಲೆಯ ಅಜ್ಜಿಗೂ ನಿಮ್ಮದೇ ಮೀಸೆ ಬಂದಿದೆ, ಬೇಕಾದರೆ ಬಂದು ನೋಡಿ.”

“ಅದಿರ್ಲಿ” ಎಂದರು. ಪಟವನ್ನು ಗೋಡೆಗೆ ಒರಗಿಸಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿದರು. ಮುಖ ಇನ್ನೂ ಕಪ್ಪಗಾಯಿತು. “ಮಕ ಬರ್ದ್ರಿ, ಬರೀರಿ. ರಾಕ್ಷಸ ಮಾಡಿದ್ರಿ, ಮಾಡಿ. ಆದ್ರೆ ಅವ್ನ ಮೀಸೆ ಅದೆಂಗೆ ನನ್ ಮೀಸೆಗಿಂತ ಚೆಂದಾಗದೆ? ಎಷ್ಟ್ ಕೊಟ್ಟ ಅದ್ಕೆ ನಮ್ಮಳಿಯ?”

ನಾನು ಸುಳ್ಳು ಹೇಳಬಹುದಿತ್ತು. ಬಾಯಿಗೆ ಬರಲಿಲ್ಲ. “ಅದು ಪುಕ್ಕಟೆ” ಎಂದೆ.

“ಪುಕ್ಸಟ್ಟೆ!” ಜಗಲಿಯ ಕಂಬ ಹಿಡಿದುಕೊಂಡರು. “ದುಡ್ಡು ಕೊಟ್ಟು, ಶನ್ವಾರ ಶನ್ವಾರ ಬಂದು ಚಾಪೆ ಮ್ಯಾಲ್ ಕುಂತೋನ್ಗೆ ಈ ಬಡ್ಕಲು ಮೀಸೆ. ನೇತಾಡೋ ರಾಕ್ಷಸಂಗೆ ಪುಕ್ಸಟ್ಟೆ ಆ ಮೀಸೆ! ನ್ಯಾಯ್ವೇನವ್ವ ಇದು?”

ನೋಡಿ, ಗಿರಾಕಿಯ ನಿಜವಾದ ನೋವು ಎಲ್ಲಿದೆ ಎಂದು ತಿಳಿಯುವ ತನಕ ಚೌಕಾಸಿ ಶುರುಮಾಡಬಾರದು. ಈಗ ತಿಳಿಯಿತು. ಇದ್ದದ್ದೂ ನಿಜವೇ. ಅವರ ಎದುರು ಹೆದರಿ ಹೆದರಿ ಬರೆದ ಮೀಸೆ ಒಂದು, ಯಾರೂ ನೋಡದಾಗ ಕೈ ತಾನಾಗಿ ಬರೆದದ್ದು ಇನ್ನೊಂದು.

“ಅದೇ ಮೀಸೆ ನಿಮಗೂ ಬರೆದುಕೊಡ್ತೀನಿ, ಒಂದು ಪೈಸೆ ಬೇಡ. ಬಣ್ಣ ತಂದಿದ್ದೀನಿ. ಆದರೆ ಬಲಗಡೆಯದನ್ನ ಮಾತ್ರ ಈಗ. ಎಡಗಡೆಯದು ಹಂಗಳದಲ್ಲಿ, ಹಾಲುಕ್ಕಿದ ಮೇಲೆ.”

“ಯಾನ?”

“ನೀವು ಪಾತ್ರೆ ತಂದರೆ ಪೂರ್ತಿ ಮೀಸೆ. ಬರದೇ ಹೋದರೆ ಅರ್ಧ ಮೀಸೆಯ ಪಟ. ಮಕ್ಕಳು ಅದನ್ನೇ ಗೋಡೆಗೆ ಹಾಕ್ತಾರೆ.”

ಕೋಪ ಬರುತ್ತದೆ ಎಂದುಕೊಂಡಿದ್ದೆ. ಅವರು ಒಳಗೆ ಹೋದರು. ಹೊರಗೆ ಬಂದಾಗ ಕೈಯಲ್ಲಿ ಒಂದು ಹಿತ್ತಾಳೆಯ ಪಾತ್ರೆಯಿತ್ತು. ಹುಣಸೆಹಣ್ಣಿನಿಂದ ಉಜ್ಜಿ ತೊಳೆದು ಬೋರಲು ಹಾಕಿದ್ದು, ಅಂಚಿನಲ್ಲಿ ಇನ್ನೂ ನೀರಿನ ಹನಿಯಿತ್ತು.

“ಅವ್ಳವ್ವಂದು” ಎಂದರು. “ಬೆಳಿಗ್ಗೆನೇ ಉಜ್ಜಿ ಇಟ್ಟಿವ್ನಿ. ಯಾರಾದ್ರೂ ಬಂದು ಕರೀಲಿ ಅಂತ ಕುಂತಿದ್ದೆ. ಇಡೀ ಊರು ಬಂತು, ನಮ್ಮಳಿಯ ಒಬ್ಬ ಬರ್ನಿಲ್ಲ.”

“ನಾನೇ ಬರಬೇಡಿ ಅಂದೆ. ಮೆಟ್ಟಿಲಿನ ಮಾತು ಬರುತ್ತೆ ಅಂತ.”

“ಮೆಟ್ಲು ಒಳಗೇ ಬರ್ಬೇಕಿತ್ತು ಕಣವ್ವ” ಎಂದು ಶುರುಮಾಡಿದರು. ಬಂದೇ ಬಂತು. ಅದನ್ನು ಕೇಳಿಸಿಕೊಳ್ಳುತ್ತಲೇ ಪಟದ ಹಳೇ ಮೀಸೆಯನ್ನು ಪೂರ್ತಿ ಒರೆಸಿ, ಬಲಗಡೆಯ ಮೀಸೆ ಮುಗಿಸಿದೆ. ಹೊರಡುವ ಮುಂಚೆ ಬೊಂಬೆಯ ಮೀಸೆ ಒರೆಸಿದ್ದನ್ನು ಹೇಳಿದಾಗ, ಈಗ ಅದು ಯಾರ ಹಾಗಿದೆ ಎಂದು ಅವರೇ ಕೇಳಿದರು. ನಿಮ್ಮ ತಂಗಿಯ ಹಾಗಂತೆ ಎಂದೆ. ಕೆಮ್ಮು ಬರುವ ತನಕ ನಕ್ಕು, ಕಣ್ಣೊರೆಸಿಕೊಂಡು, “ಅಂಗೇ ಇರ್ಲಿ ಬುಡವ್ವ, ಮುಟ್ಬ್ಯಾಡ ಇನ್ನ” ಎಂದರು.

ಗೃಹಪ್ರವೇಶದ ಬೆಳಿಗ್ಗೆ ಜೀಪು ಬಂದು ನಿಂತಿತು. ಮುಂದೆ ಯಜಮಾನರು, ಮಡಿಲಲ್ಲಿ ಪಾತ್ರೆ. ಹಿಂದಿನ ಸೀಟಿನಲ್ಲಿ ಅರ್ಧ ಮೀಸೆಯ ಪಟ. ಮಗಳು ಓಡಿ ಬಂದು ಪಾತ್ರೆಯನ್ನು ಎದೆಗೊತ್ತಿಕೊಂಡು ನಿಂತಳು. “ಆಲು ಎಮ್ಮೇದ, ಪ್ಯಾಕೆಟ್ಟಾ?” ಎಂದು ಅವರು ಕೇಳಿದರು. “ಎಮ್ಮೇದು ಅಪ್ಪಾಜಿ” ಎಂದಳು. ಅಷ್ಟೆ. ಹಾಲು ಉಕ್ಕಿ ಒಲೆಯ ಮೂರೂ ಕಡೆಗೆ ಹರಿಯಿತು. ಹೂವಿನವರು ಮಾವನ ಕಾಲಿಗೆ ಬಿದ್ದರು. ಮಾವ ಆಶೀರ್ವಾದ ಮಾಡಿ, ಹೊರಗಿನ ಮೆಟ್ಟಿಲನ್ನು ಒಮ್ಮೆ ಹತ್ತಿ ಇಳಿದು, “ಗಾಳಿ ಚೆನ್ನಾಗ್ ಬತ್ತದೆ” ಎಂದು ಮಾತ್ರ ಹೇಳಿದರು.

ನಾನು ಜಗಲಿಯಲ್ಲಿ ಕೂತು ಎಡಗಡೆಯ ಮೀಸೆ ಬರೆಯುತ್ತಿದ್ದಾಗ ಸೋದರತ್ತೆ ಬಂದರು. ನೋಡಿದೆ. ಅಚ್ಚು ಬೊಂಬೆಯೇ. ಅಂಗಳದಲ್ಲಿ ನಿಂತು, ಕಣ್ಣಿಗೆ ಕೈ ಅಡ್ಡ ಹಿಡಿದು ಸಜ್ಜಾದ ಕಡೆ ನೋಡಿದರು. ನನ್ನ ಬ್ರಷ್ ಅಲ್ಲೇ ನಿಂತಿತು. ಒಳಗೆ ಬಳಗದ ಹೆಂಗಸರು ಬಾಗಿಲ ಸಂದಿಯಲ್ಲಿ ಗುಂಪುಗೂಡಿದರು. ಯಜಮಾನರು ಛಾವಣಿ ನೋಡತೊಡಗಿದರು.

“ಅಲ್ಲ ಕಣಮ್ಮಿ” ಎಂದು ಸೋದರತ್ತೆ ಅಣ್ಣನ ಮಗಳನ್ನು ಪಕ್ಕಕ್ಕೆ ಕರೆದು, ಊರಿಗೆಲ್ಲ ಕೇಳಿಸುವ ಪಿಸುಮಾತಿನಲ್ಲಿ ಹೇಳಿದರು, “ಯಾರಮ್ಮಿ ಬರ್ದೋರು ಇದ? ಮೀಸೆ ಒಂದ್ ಇಟ್ಬುಟ್ರೆ ಥೇಟ್ ನಮ್ಮಣ್ಣನೇ! ಅವ್ನ್ಗೆ ಏಳ್ಬ್ಯಾಡ, ಬೇಜಾರ್ ಮಾಡ್ಕತಾನೆ.”

ಎಡಗಡೆಯ ಮೀಸೆ ಬಲಗಡೆಯದಕ್ಕಿಂತ ಒಂದೆಳೆ ಮೇಲೆ ಹೋಗಿದೆ. ಅದು ನಾನು ನಕ್ಕಾಗ ಹೋದದ್ದು. ಯಜಮಾನರು ಇನ್ನೂ ಗಮನಿಸಿಲ್ಲ.

ಮನೆ ಕಟ್ಟಿಸುತ್ತಿರುವ ನಿಮಗೆ ಇಷ್ಟನ್ನು ಹೇಳಬೇಕು ಎನ್ನಿಸಿತು. ದೃಷ್ಟಿ ಬೊಂಬೆ ಮಾಡಿಸುವುದಾದರೆ ತಗಡಿನದ್ದೇ ಮಾಡಿಸಿ, ಪ್ರೈಮರ್ ಹೊಡೆಯುವಾಗ ಹೋಗಿ ಕಣ್ಣಾರೆ ನೋಡಿ. ಬರೆಯುವವರು ಆ ತಿಂಗಳು ಬೇರೆ ಯಾರ ಪಟ ಬರೆಯುತ್ತಿದ್ದಾರೆ ಎಂದು ಮೊದಲೇ ವಿಚಾರಿಸಿ. ನಿಮ್ಮ ಬಳಗದವರಾದರೆ ಹದಿನೈದು ದಿನ ತಡೆದು ಕೆಲಸ ಕೊಡಿ. ಬೊಂಬೆಯನ್ನು ಮೇಲೆ ಕಟ್ಟುವ ಮುಂಚೆ ಹೆಂಡತಿಯ ಕಡೆಯವರೊಬ್ಬರಿಗೂ ಗಂಡನ ಕಡೆಯವರೊಬ್ಬರಿಗೂ ತೋರಿಸಿ. ಇಬ್ಬರೂ ನಗದೆ ಹೋದರೆ ಮಾತ್ರ ಕಟ್ಟಿ. ಮಾವನ ಮನೆಯ ಜೊತೆ ಮೆಟ್ಟಿಲು, ಕಿಟಕಿ, ಬಚ್ಚಲು ಎಂದು ಏನಾದರೂ ಜಗಳವಿದ್ದರೆ ಸುಣ್ಣ ಬಣ್ಣ ಶುರುವಾ­ಗುವ ಮೊದಲೇ ಹೋಗಿ ಮುಗಿಸಿಕೊಳ್ಳಿ. ಬೇರೆಯವರನ್ನು ಕಳಿಸಬೇಡಿ, ನೀವೇ ಹೋಗಿ. ಹೋಗುವಾಗ ದೊಡ್ಡ ಪಟವೇನಾದರೂ ಒಯ್ಯುವುದಿದ್ದರೆ ಬೆಡ್‌ಶೀಟಿಗೆ ದಾರ ಕಟ್ಟಿ, ಗಂಟು ಎರಡು ಹಾಕಿ.